ಹೃದಯದ ಹೊಸ ರಕ್ತಪರೀಕ್ಷೆಗಳು: ತಕ್ಕಡಿ ಸರಿ ಇದೆ, ತೂಗುತ್ತಿರುವುದು ಏನನ್ನು?

2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ಸಾಲಾಗಿ ಬಂದಿದ್ದು ನೆನಪಿರಬಹುದು. ಸುಮಾರು 40 ದಿನದಲ್ಲಿ 20ಕ್ಕೂ ಹೆಚ್ಚು ಸಾವು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಕೋವಿಡ್ ಲಸಿಕೆಯಿಂದ ಹೀಗಾಯಿತಾ ಅಂತ ರಾಜಕೀಯ ಜಗಳವೂ ಆಯಿತು. ಕೊನೆಗೆ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ ಎಲ್ಲವನ್ನೂ ನೋಡಿ, ಇದಕ್ಕೆ ಒಂದೇ ಕಾರಣ ಅಂತ ಇಲ್ಲ, ಲಸಿಕೆಗೂ ಇದಕ್ಕೂ ಸಂಬಂಧ ಕಾಣುತ್ತಿಲ್ಲ ಅಂದಿತು.

ಉತ್ತರ ಸರಿಯೇ ಇತ್ತು. ಆದರೆ ಹೆದರಿದವರಿಗೆ 'ಒಂದೇ ಕಾರಣ ಇಲ್ಲ' ಅನ್ನುವ ಮಾತಿನಿಂದ ಸಮಾಧಾನ ಆಗುವುದಿಲ್ಲ. ಹಾಗಾದರೆ ನನ್ನೊಳಗೆ ಏನಿದೆ ಅಂತ ತಿಳಿಯಬೇಕು ಅನ್ನಿಸುತ್ತದೆ, ಅಷ್ಟರಲ್ಲಿ ಮೊಬೈಲ್‌ಗೆ ಹೃದಯ ತಪಾಸಣೆಯ ಪ್ಯಾಕೇಜ್ ಬಂದಿರುತ್ತದೆ. ರಕ್ತ ಕೊಟ್ಟು ರಿಪೋರ್ಟ್ ಬಿಡಿಸಿದರೆ ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎಂಬ ಹಳೇ ಪರಿಚಯದವರ ಕೆಳಗೆ ಹೊಸಬರ ಸಾಲು: ಅಪೋಬಿ, ಎಲ್‌ಪಿ ಲಿಟಲ್ ಎ, ಹೋಮೋಸಿಸ್ಟೀನ್, ಕೆಲವು ಕಡೆ ಸೆರಮೈಡ್, ಟಿಎಂಎಒ. ಕೆಲವುದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 'ವಿಧಾನ: ಎಲ್‌ಸಿ-ಎಂಎಸ್/ಎಂಎಸ್'. ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಲ್ಲಿ ಅಳೆದದ್ದು ಅಂತ. ಕೋಟಿ ರೂಪಾಯಿ ಲೆಕ್ಕದ ಯಂತ್ರ, ಹಾಗಾಗಿ ಅದು ಹೇಳಿದ್ದೇ ಕೊನೇ ಮಾತು ಅನ್ನುವ ಭಾವನೆ ಬರುವುದು ಸಹಜ.

ಗೊಂದಲ ಹುಟ್ಟುವುದೇ ಇಲ್ಲಿ. ಒಂದು ವಸ್ತುವನ್ನು ಕರಾರುವಾಕ್ಕಾಗಿ ಅಳೆಯುವುದು ಬೇರೆ, ಆ ಅಳತೆಯಿಂದ ನಿಮಗೆ ಉಪಯೋಗ ಆಗುವುದು ಬೇರೆ. ಎರಡನ್ನೂ ಬಿಡಿಸಿ ನೋಡೋಣ.

ಹಳೇ ರಿಪೋರ್ಟ್‌ನೊಳಗಿನ ಒಂದು ಕಳೆಯುವ ಲೆಕ್ಕ

ಹೊಸದರ ಕಡೆ ಹೋಗುವ ಮುಂಚೆ ಹಳೆಯದನ್ನೇ ಸ್ವಲ್ಪ ನೋಡಬೇಕು. ನಮ್ಮ ರಿಪೋರ್ಟ್‌ಗಳಲ್ಲಿ ಬರುವ ಎಲ್‌ಡಿಎಲ್, ಅಂದರೆ 'ಕೆಟ್ಟ ಕೊಲೆಸ್ಟ್ರಾಲ್', ಎಷ್ಟೋ ಸಲ ಅಳೆದದ್ದೇ ಅಲ್ಲ. ಲೆಕ್ಕ ಹಾಕಿದ್ದು. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಜೊತೆಗಾರರು ಕೊಟ್ಟ ಸೂತ್ರ ಅದು: ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್, ಅಂದರೆ 'ಒಳ್ಳೇ ಕೊಲೆಸ್ಟ್ರಾಲ್', ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದರಲ್ಲಿ ಒಂದು ಭಾಗವನ್ನೂ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. ಆಗ ಎಲ್‌ಡಿಎಲ್ ನೇರವಾಗಿ ಅಳೆಯಲು ಭಾರೀ ವೇಗದಲ್ಲಿ ತಿರುಗುವ ದುಬಾರಿ ಯಂತ್ರ ಬೇಕಿತ್ತು, ಹೊತ್ತೂ ಹಿಡಿಯುತ್ತಿತ್ತು. ಸೂತ್ರ ಆ ತೊಂದರೆ ತಪ್ಪಿಸಿತು.

ಒಂದು ಉದಾಹರಣೆ ಹಾಕಿ ನೋಡಿ. ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 270. ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ 54. 190ರಿಂದ 36 ಮತ್ತು 54 ಕಳೆದರೆ ಸರಿಯಾಗಿ 100. ಒಟ್ಟು ಕೊಲೆಸ್ಟ್ರಾಲ್ 200 ದಾಟಿಲ್ಲ, ಎಲ್‌ಡಿಎಲ್ 100, ಪರವಾಗಿಲ್ಲ ಅಂತ ರಿಪೋರ್ಟ್ ಮಡಚಿ ಬೀರುವಿಗೆ ಇಟ್ಟುಬಿಡುತ್ತೇವೆ ಅಲ್ವಾ?

ಈಗ ಇನ್ನೊಂದು ಲೆಕ್ಕ. ಒಟ್ಟು ಕೊಲೆಸ್ಟ್ರಾಲ್‌ನಿಂದ ಬರೀ ಎಚ್‌ಡಿಎಲ್ ಕಳೆಯಿರಿ. 154. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ. ರಕ್ತನಾಳದ ಗೋಡೆಗೆ ಅಂಟಬಲ್ಲ ಎಲ್ಲಾ ಬಗೆಯ ಕಣಗಳ ಕೊಲೆಸ್ಟ್ರಾಲ್ ಇದರಲ್ಲಿ ಬಂತು. ಭಾರತೀಯ ಹೃದ್ರೋಗ ತಜ್ಞರ ಸಂಘ, ಅಂದರೆ ಸಿಎಸ್‌ಐ, 2024ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ಅಪಾಯ ಕಡಿಮೆ ಇರುವವರಿಗೂ ಇದು 130ರ ಒಳಗಿರಬೇಕು. ಅದೇ ಮನುಷ್ಯ, ಅದೇ ರಕ್ತ, ಅದೇ ಕಾಗದ. ಒಂದು ಲೆಕ್ಕ ಪರವಾಗಿಲ್ಲ ಅನ್ನುತ್ತದೆ, ಇನ್ನೊಂದು ಸ್ವಲ್ಪ ನಿಲ್ಲಿ ಅನ್ನುತ್ತದೆ.

ಹೀಗೇಕೆ? ಟ್ರೈಗ್ಲಿಸರೈಡ್ ಜಾಸ್ತಿ ಆದಷ್ಟೂ ಆ 'ಐದರಲ್ಲಿ ಒಂದು' ಅನ್ನುವ ಅಂದಾಜು ಕೆಡುತ್ತದೆ. ಕಳೆಯಬೇಕಾದ್ದಕ್ಕಿಂತ ಜಾಸ್ತಿ ಕಳೆದುಬಿಡುತ್ತೇವೆ, ಉಳಿದ ಎಲ್‌ಡಿಎಲ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರವನ್ನು ಬಳಸಲೇಬಾರದು. ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ, ಹೊಟ್ಟೆ ಸ್ವಲ್ಪ ಮುಂದೆ: ಇದು ನಮ್ಮ ಕಡೆ ಮನೆಮನೆಯಲ್ಲಿ ಸಿಗುವ ನಮೂನೆ. ಸೂತ್ರ ಎಡವುವುದು ಇಂಥವರಲ್ಲೇ. ಆದರೆ ನಾನ್-ಎಚ್‌ಡಿಎಲ್‌ಗೆ ಹೊಸ ಪರೀಕ್ಷೆ ಬೇಡ, ಒಂದು ಪೆನ್ನು ಸಾಕು. ಯಾವ ಪ್ಯಾಕೇಜಿನವರೂ ಇದನ್ನು ಜಾಹೀರಾತು ಮಾಡುವುದಿಲ್ಲ, ಮಾಡಿದರೆ ಮಾರುವುದೇನನ್ನು?

ಮಾಲು ತೂಗುವುದು, ಮೂಟೆ ಎಣಿಸುವುದು

ಕೊಲೆಸ್ಟ್ರಾಲ್ ರಕ್ತದಲ್ಲಿ ಸುಮ್ನೆ ತೇಲಿಕೊಂಡು ಹೋಗುವುದಿಲ್ಲ. ಕೊಬ್ಬು ನೀರಿಗೆ ಸೇರದು, ಹಾಗಾಗಿ ಅದು ಪ್ರೋಟೀನ್ ಹೊದಿಕೆಯ ಸಣ್ಣ ಕಣಗಳ ಒಳಗೆ ಕೂತು ಸಾಗುತ್ತದೆ. ಎಲ್‌ಡಿಎಲ್ ಕೊಲೆಸ್ಟ್ರಾಲ್ ಅನ್ನುವ ಸಂಖ್ಯೆ ಆ ಕಣಗಳ ಒಳಗಿನ ಮಾಲಿನ ತೂಕ. ಆದರೆ ರಕ್ತನಾಳದ ಗೋಡೆಗೆ ಹೋಗಿ ಸಿಕ್ಕಿಕೊಳ್ಳುವುದು ಕಣ. ಎಷ್ಟು ಕಣ ಓಡಾಡುತ್ತಿವೆ ಅನ್ನುವುದೇ ಮುಖ್ಯ.

ಶಿವಮೊಗ್ಗದ ಎಪಿಎಂಸಿಗೆ ಇಬ್ಬರು ಹತ್ತತ್ತು ಕ್ವಿಂಟಲ್ ಅಡಿಕೆ ತಂದರು ಅಂದುಕೊಳ್ಳಿ. ಒಬ್ಬರು ದೊಡ್ಡ ಮೂಟೆ ಕಟ್ಟಿ ತಂದಿದ್ದಾರೆ, ಇನ್ನೊಬ್ಬರು ಸಣ್ಣ ಸಣ್ಣ ಚೀಲದಲ್ಲಿ. ತಕ್ಕಡಿಗೆ ಇಬ್ಬರೂ ಒಂದೇ. ಮಂಡಿಯ ಬಾಗಿಲಲ್ಲಿ ನೂಕುನುಗ್ಗಲು ಆಗುವುದು ಮಾತ್ರ ಸಣ್ಣ ಚೀಲದವರ ಸರದಿಯಲ್ಲಿ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ ಎಲ್‌ಡಿಎಲ್ ಕಣಗಳು ಹೀಗೇ ಸಣ್ಣದಾಗಿ, ಸಂಖ್ಯೆಯಲ್ಲಿ ಜಾಸ್ತಿಯಾಗಿ ಇರುತ್ತವೆ.

ಅಪೋಬಿ ಪರೀಕ್ಷೆ ಮೂಟೆ ಎಣಿಸುವ ಕೆಲಸ ಮಾಡುತ್ತದೆ. ಅಪಾಯಕಾರಿ ಕಣ ಯಾವುದೇ ಇರಲಿ, ಅದರ ಮೈಮೇಲೆ ಅಪೋಬಿ ಎಂಬ ಪ್ರೋಟೀನ್ ಒಂದೇ ಒಂದು ಇರುತ್ತದೆ. ಎರಡಿಲ್ಲ, ಅರ್ಧ ಇಲ್ಲ. ಅಪೋಬಿ ಎಣಿಸಿದರೆ ಕಣ ಎಣಿಸಿದ ಹಾಗೆ. ಇದನ್ನು ಅಳೆಯಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕೇ ಬೇಕು ಅಂತಲೂ ಇಲ್ಲ. ಹುಡುಕುವ ಪ್ರೋಟೀನ್‌ಗೇ ಹೋಗಿ ಅಂಟುವ ಪ್ರತಿಕಾಯ (ಆಂಟಿಬಾಡಿ) ಬಳಸಿ ಮಾಡುವ ಮಾಮೂಲಿ ಪರೀಕ್ಷೆಯೇ ಸಾಕಷ್ಟು ಚೆನ್ನಾಗಿ ಅಳೆಯುತ್ತದೆ.

ಎಲ್‌ಪಿ ಲಿಟಲ್ ಎ: ಅಡಿಕೆ ಕೊನೆ ಎಣಿಸಿ ಮರ ಎಷ್ಟು ಅಂದ ಹಾಗೆ

ಯಂತ್ರದ ನಿಜವಾದ ಅಗತ್ಯ ಕಾಣುವುದು ಇಲ್ಲಿ.

1963ರಲ್ಲಿ ನಾರ್ವೆಯ ಕಾರೆ ಬರ್ಗ್ ಗುರುತಿಸಿದ ಕಣ ಇದು. ನೋಡಲು ಎಲ್‌ಡಿಎಲ್ ತರಹವೇ, ಆದರೆ ಪಕ್ಕಕ್ಕೆ ಅಪೋ-ಎ ಎಂಬ ಉದ್ದನೆಯ ಬಾಲ ಅಂಟಿಕೊಂಡಿರುತ್ತದೆ. ಜಾಸ್ತಿ ಇದ್ದರೆ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಮಹಾಪಧಮನಿ ಕವಾಟ ಗಡುಸಾಗುವ ಅಪಾಯ ಏರುತ್ತದೆ. ಎಷ್ಟಿರಬೇಕು ಅನ್ನುವುದನ್ನು ಬಹುಪಾಲು ಅಪ್ಪ-ಅಮ್ಮನಿಂದ ಬಂದ ವಂಶವಾಹಿಯೇ ತೀರ್ಮಾನಿಸುತ್ತದೆ. ಐದಾರು ವರ್ಷದ ವಯಸ್ಸಿಗೆ ಬರುವ ಮಟ್ಟವೇ ಹೆಚ್ಚುಕಡಿಮೆ ಕೊನೇವರೆಗೆ. ತುಪ್ಪ ಬಿಟ್ಟರೂ ಅಷ್ಟೇ, ದಿನಾ ಬೆಳಿಗ್ಗೆ ವಾಕಿಂಗ್ ಹೋದರೂ ಅಷ್ಟೇ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗೂ ಇದು ಬಗ್ಗುವುದಿಲ್ಲ. ಸಿಎಸ್‌ಐ ಪ್ರಕಾರ ಭಾರತದಲ್ಲಿ ಸುಮಾರು ಶೇ 25 ಜನರಲ್ಲಿ ಇದು 50 ಮಿಲಿಗ್ರಾಂಗಿಂತ ಮೇಲಿದೆ, ಪಾಶ್ಚಾತ್ಯ ದೇಶಗಳಲ್ಲಿ ಶೇ 15-20.

ಇಷ್ಟು ಮುಖ್ಯವಾದದ್ದನ್ನು ಅಳೆಯುವುದರಲ್ಲೇ ತೊಡಕು. ಅಪೋ-ಎ ಬಾಲದ ಒಂದು ತುಂಡು ಪುನಃ ಪುನಃ ಬರುತ್ತದೆ, ಒಬ್ಬರಲ್ಲಿ ಮೂರ್ನಾಲ್ಕು ಸಲ, ಇನ್ನೊಬ್ಬರಲ್ಲಿ ಮೂವತ್ತು-ನಲವತ್ತು ಸಲ. ಹಳೇ ಮಾದರಿಯ ಪರೀಕ್ಷೆಯಲ್ಲಿ ಪ್ರತಿಕಾಯ ಹೋಗಿ ಈ ಮರುಕಳಿಸುವ ತುಂಡಿಗೇ ಅಂಟುತ್ತದೆ. ಉದ್ದ ಬಾಲದ ಒಂದು ಕಣಕ್ಕೆ ಹಲವು ಪ್ರತಿಕಾಯ ಅಂಟಿದರೆ ಅದು ಹಲವು ಕಣದ ಹಾಗೆ ಲೆಕ್ಕಕ್ಕೆ ಬರುತ್ತದೆ. ತೋಟದಲ್ಲಿ ಎಷ್ಟು ಮರ ಇದೆ ಅಂತ ಕೇಳಿದರೆ ಕೊನೆಗಾರ ಇಳಿಸಿದ ಅಡಿಕೆ ಕೊನೆ, ಅಂದರೆ ಗೊಂಚಲು, ಎಣಿಸಿ ಹೇಳಿದ ಹಾಗೆ ಇದು. ಒಂದು ಮರದಲ್ಲಿ ನಾಲ್ಕು ಕೊನೆ, ಪಕ್ಕದ್ದರಲ್ಲಿ ಒಂದೇ. ಕೊನೆ ಲೆಕ್ಕ ಸರಿ ಇದ್ದರೂ ಮರದ ಲೆಕ್ಕ ತಪ್ಪೇ.

ಇದರಿಂದ ಆಗುವ ಅನಾಹುತ ಯಾರಿಗೆ ಗೊತ್ತಾ? ಗಿಡ್ಡ ಬಾಲದವರಿಗೆ. ಸಾಮಾನ್ಯವಾಗಿ ಬಾಲ ಗಿಡ್ಡ ಇದ್ದವರಲ್ಲೇ ಕಣಗಳ ಸಂಖ್ಯೆ ಜಾಸ್ತಿ, ಅಪಾಯವೂ ಜಾಸ್ತಿ. ಅವರನ್ನೇ ಈ ಪರೀಕ್ಷೆ ಕಡಿಮೆ ತೋರಿಸುತ್ತದೆ. ಅಂದರೆ ಹೆದರಬೇಕಾದವರಿಗೆ ಧೈರ್ಯ ಹೇಳಿ, ಅಷ್ಟೇನೂ ಹೆದರಬೇಕಿಲ್ಲದವರಿಗೆ ಹೆದರಿಕೆ ಹುಟ್ಟಿಸುವ ಪರೀಕ್ಷೆ!

ಇದರ ಮೇಲೆ ಅಳತೆಯ ಏಕಮಾನದ ಗೊಂದಲ ಬೇರೆ. ಒಂದು ಲ್ಯಾಬ್ ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಅಂತ ಕೊಡುತ್ತದೆ, ಇನ್ನೊಂದು ಲೀಟರ್‌ಗೆ ಇಷ್ಟು ನ್ಯಾನೋಮೋಲ್ ಅಂತ. ಮೊದಲನೆಯದು ತೂಕ, ಎರಡನೆಯದು ಎಣಿಕೆ. 'ಕಳೆದ ವರ್ಷ 45 ಇತ್ತು, ಈಗ 110 ಆಗಿದೆ' ಅಂತ ಗಾಬರಿಯಾಗುವ ಮುಂಚೆ ಪಕ್ಕದ ಏಕಮಾನ ನೋಡಿ, ಎರಡೂ ಸರಿಸುಮಾರು ಒಂದೇ ಇರಬಹುದು. ಮಾರ್ಗಸೂಚಿಗಳಲ್ಲಿ 50 ಮಿಲಿಗ್ರಾಂ ಮತ್ತು 125 ನ್ಯಾನೋಮೋಲ್ ಅನ್ನು ಗಡಿ ಅಂತ ಜೋಡಿಸಿ ಬರೆಯುತ್ತಾರೆ. ಆದರೆ ಬಾಲದ ಉದ್ದ ಒಬ್ಬೊಬ್ಬರಲ್ಲಿ ಒಂದೊಂದು ಥರ ಇರುವುದರಿಂದ, ಇಷ್ಟರಿಂದ ಗುಣಿಸಿದರೆ ಅಷ್ಟು ಅನ್ನುವ ಪಕ್ಕಾ ಲೆಕ್ಕ ಯಾರಿಗೂ ಸಿಗುವುದಿಲ್ಲ.

ಯಂತ್ರ ಒಳಗೆ ಮಾಡುವುದೇನು

ಮಾಸ್ ಸ್ಪೆಕ್ಟ್ರೋಮೀಟರ್ ಹೊಸ ಯಂತ್ರವೇನಲ್ಲ. ಫ್ರಾನ್ಸಿಸ್ ಆಸ್ಟನ್ ಇದರ ಪೂರ್ವಜನನ್ನು ಕಟ್ಟಿದ್ದು 1919ರಲ್ಲಿ, 1922ರಲ್ಲಿ ನೊಬೆಲ್ ಕೂಡ ಬಂತು. ಆದರೆ ಅದಕ್ಕೆ ಅನಿಲದ ರೂಪದ ವಸ್ತು ಬೇಕು, ಪ್ರೋಟೀನ್ ಅನ್ನು ಬಿಸಿ ಮಾಡಿದರೆ ಆವಿಯಾಗದೆ ಹಾಳಾಗುತ್ತದೆ. ದ್ರವವನ್ನು ವಿದ್ಯುತ್ ಹಾಯಿಸಿದ ಸೂಜಿಯ ಮೂಲಕ ತುಂತುರಾಗಿ ಸಿಡಿಸಿ ದೊಡ್ಡ ಅಣುಗಳನ್ನೂ ಮುರಿಯದೆ ಹಾರಿಸಬಹುದು ಅಂತ ಜಾನ್ ಫೆನ್ ತೋರಿಸಿದ ಮೇಲೆ ದಾರಿ ತೆರೆಯಿತು. ಅವರಿಗೆ ನೊಬೆಲ್ ಸಿಕ್ಕಿದ್ದು 2002ರಲ್ಲಿ. ಇವತ್ತು ವಿಟಮಿನ್ ಡಿ ಅಳೆಯಲು, ಹುಟ್ಟಿದ ಮಗುವಿನ ಹಿಮ್ಮಡಿಯಿಂದ ತೆಗೆದ ಒಂದು ಹನಿ ರಕ್ತದಲ್ಲಿ ಆನುವಂಶಿಕ ಕಾಯಿಲೆ ಹುಡುಕಲು ಇದೇ ಯಂತ್ರ ಬಳಸುತ್ತಾರೆ.

ಎಲ್‌ಪಿ ಲಿಟಲ್ ಎ ಅಳೆಯುವಾಗ ಮೊದಲು ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ಪ್ರೋಟೀನ್ ಅನ್ನು ಕತ್ತರಿಸುತ್ತಾರೆ. ನಮ್ಮ ಹೊಟ್ಟೆಯೊಳಗೂ ಅದು ಅದೇ ಕೆಲಸ ಮಾಡುತ್ತದೆ. ಅದು ಎಲ್ಲೆಂದರಲ್ಲಿ ಕತ್ತರಿಸುವುದಿಲ್ಲ, ಲೈಸಿನ್ ಮತ್ತು ಆರ್ಜಿನಿನ್ ಇರುವ ಜಾಗದಲ್ಲಿ ಮಾತ್ರ. ಹಾಗಾಗಿ ಯಾವ ಯಾವ ತುಂಡು ಸಿಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಅದರಲ್ಲಿ, ಮರುಕಳಿಸುವ ಭಾಗದ ಹೊರಗಿರುವ, ಇಡೀ ಬಾಲಕ್ಕೆ ಒಂದೇ ಸಲ ಬರುವ ತುಂಡನ್ನು ಆರಿಸಿಕೊಳ್ಳುತ್ತಾರೆ. ಕೊನೆ ಬಿಟ್ಟು ಬುಡ ಎಣಿಸಿದ ಹಾಗೆ. ಒಂದು ಮರಕ್ಕೆ ಒಂದೇ ಬುಡ.

ಎಷ್ಟು ತುಂಡು ಅಂತ ಎಣಿಸುವುದರಲ್ಲಿ ಇನ್ನೊಂದು ಜಾಣತನ ಇದೆ, ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಚಂದದ್ದು ಇದೇ. ಒಂದು ದೊಡ್ಡ ಮೂಟೆಯಲ್ಲಿ ಎಷ್ಟು ಅಡಿಕೆ ಇದೆ ಅಂತ ತಿಳಿಯಬೇಕು, ಎಲ್ಲವನ್ನೂ ಎಣಿಸಲಾಗದು. ಕೆಂಪು ಬಣ್ಣ ಬಳಿದ 100 ಅಡಿಕೆಯನ್ನು ಮೂಟೆಗೆ ಹಾಕಿ ಚೆನ್ನಾಗಿ ಕಲಸಿ. ಈಗ ಒಂದು ಬೊಗಸೆ ತೆಗೆಯಿರಿ. 2 ಕೆಂಪು, 80 ಮಾಮೂಲಿ ಬಂತು ಅನ್ನಿ. ಒಂದು ಕೆಂಪಿಗೆ 40 ಮಾಮೂಲಿ, ಅಂದರೆ ಮೂಟೆಯಲ್ಲಿ ಸುಮಾರು 4,000. ಕಲಸುವಾಗ ಅರ್ಧ ಮೂಟೆ ಚೆಲ್ಲಿಹೋದರೂ ಚಿಂತೆ ಇಲ್ಲ, ಕೆಂಪು ಮತ್ತು ಮಾಮೂಲಿ ಒಂದೇ ಪ್ರಮಾಣದಲ್ಲಿ ಚೆಲ್ಲಿರುತ್ತವೆ, ಲೆಕ್ಕ ಕೆಡುವುದಿಲ್ಲ. ಲ್ಯಾಬ್‌ನಲ್ಲಿ ಕೆಂಪು ಬಣ್ಣದ ಬದಲು ಭಾರದ ಇಂಗಾಲ, ಭಾರದ ಸಾರಜನಕ ಇರುವ ಅದೇ ತುಂಡನ್ನು ತಯಾರಿಸಿ, ಗೊತ್ತಿರುವ ಪ್ರಮಾಣದಲ್ಲಿ ಅದನ್ನು ರಕ್ತದ ಮಾದರಿಗೆ ಸೇರಿಸುತ್ತಾರೆ. ಎರಡರ ಗುಣವೂ ಒಂದೇ, ತೂಕ ಮಾತ್ರ ಸ್ವಲ್ಪ ಬೇರೆ. ತೂಕದ ಆ ಸಣ್ಣ ವ್ಯತ್ಯಾಸ ಹಿಡಿಯುವುದೇ ಈ ಯಂತ್ರದ ಕಸುಬು.

ಹಾಗಂತ ಇದೂ ತಪ್ಪು ಮಾಡುವುದಿಲ್ಲ ಅಂತಲ್ಲ. ಟ್ರಿಪ್ಸಿನ್ ಪೂರ್ತಿ ಕತ್ತರಿಸದಿದ್ದರೆ ತುಂಡು ಕಡಿಮೆ ಸಿಗುತ್ತದೆ. ಪ್ರೋಟೀನ್ ಕತ್ತರಿಸುವುದಕ್ಕೇ ಗಂಟೆಗಟ್ಟಲೆ ಬೇಕಾಗಬಹುದು. ಒಂದೊಂದು ಲ್ಯಾಬ್ ತನ್ನದೇ ವಿಧಾನ ಕಟ್ಟಿಕೊಂಡರೆ ಇಬ್ಬರ ಸಂಖ್ಯೆ ಕೂಡುವುದಿಲ್ಲ. ಅದಕ್ಕೇ ಐಎಫ್‌ಸಿಸಿ ಎಂಬ, ವೈದ್ಯಕೀಯ ಲ್ಯಾಬ್ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟದ ತಂಡ ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರವೂ ಸೇರಿದಂತೆ ಹಲವರ ಜೊತೆ ಕೂತು, ಅಪೋಬಿ ಮತ್ತು ಎಲ್‌ಪಿ ಲಿಟಲ್ ಎಗೆ ಎಲ್ಲರೂ ಒಪ್ಪುವ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನವನ್ನು ರೂಪಿಸುತ್ತಿದೆ.

ಯಂತ್ರದ ಸರಿಯಾದ ಜಾಗವೂ ಇದೇ ಅನ್ನಿಸುತ್ತದೆ. ಅಂಗಡಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಂದು ಮುದ್ರೆ ಹಾಕುತ್ತಾರಲ್ಲ, ಅವರ ಹತ್ತಿರ ಇರುವ ಪ್ರಮಾಣದ ಬಟ್ಟು ಪ್ರತಿ ಅಂಗಡಿಯಲ್ಲೂ ಇರಬೇಕಿಲ್ಲ. ಅಂಗಡಿಯ ತಕ್ಕಡಿ ಆ ಬಟ್ಟಿಗೆ ಸರಿಹೊಂದಿದರೆ ಆಯಿತು. ಒಂದು ಕಡೆ ಮಾಸ್ ಸ್ಪೆಕ್ಟ್ರೋಮೀಟರ್ ಸರಿಯಾದ ಬೆಲೆ ಕಟ್ಟಿದ ಮಾದರಿ ರಕ್ತ ಇದ್ದರೆ, ಊರಿನ ಲ್ಯಾಬ್‌ನ ಮಾಮೂಲಿ ಯಂತ್ರವನ್ನು ಅದಕ್ಕೆ ಹೋಲಿಸಿ ಸರಿಮಾಡಬಹುದು.

ಚೆನ್ನಾಗಿ ಅಳೆದರೂ ಪ್ರಯೋಜನ ಕಡಿಮೆ ಇರುವವು

ಈಗ ಪಟ್ಟಿಯ ಉಳಿದವರ ಸರದಿ.

ಸೆರಮೈಡ್ ಒಂದು ಬಗೆಯ ಕೊಬ್ಬು. ಇದನ್ನು ಅಳೆಯಲು ಮಾಸ್ ಸ್ಪೆಕ್ಟ್ರೋಮೀಟರ್ ಬೇಕೇ ಬೇಕು. ಅಮೆರಿಕದ ಮೇಯೋ ಕ್ಲಿನಿಕ್ 2016ರಲ್ಲಿ ಈ ಪರೀಕ್ಷೆ ಶುರು ಮಾಡಿತು, ಅಂಕಿ ಜಾಸ್ತಿ ಇದ್ದವರಿಗೆ ಅಪಾಯ ಜಾಸ್ತಿ ಅನ್ನುವುದಕ್ಕೆ ಅಧ್ಯಯನಗಳೂ ಇವೆ. ಆದರೆ ಜಾಸ್ತಿ ಬಂದರೆ ಮಾಡುವುದೇನು? ಎಲ್‌ಡಿಎಲ್ ಇಳಿಸಿ, ನಡೆಯಿರಿ, ತೂಕ ಇಳಿಸಿ. ಪರೀಕ್ಷೆ ಮಾಡಿಸದಿದ್ದರೂ ಡಾಕ್ಟರ್ ಅದನ್ನೇ ಹೇಳುತ್ತಿದ್ದರು.

ಟಿಎಂಎಒ ಕಥೆ ಇನ್ನೂ ತಮಾಷೆಯದು. 2011ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸ್ಟಾನ್ಲಿ ಹೇಜನ್ ಅವರ ತಂಡ ಇದನ್ನು ಮುಂದೆ ತಂದಿತು. ಮೊಟ್ಟೆ, ಮಾಂಸದಲ್ಲಿರುವ ಅಂಶಗಳನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದಾಗ ಹುಟ್ಟುವ ವಸ್ತು ಲಿವರ್‌ಗೆ ಹೋಗಿ ಟಿಎಂಎಒ ಆಗುತ್ತದೆ, ಅದು ಜಾಸ್ತಿ ಇದ್ದವರಿಗೆ ಹೃದಯದ ತೊಂದರೆ ಜಾಸ್ತಿ ಅಂತ. ಸರಿ, ಆದರೆ ಸಮುದ್ರದ ಮೀನಿನಲ್ಲಿ ಟಿಎಂಎಒ ಸಿದ್ಧರೂಪದಲ್ಲೇ ಇರುತ್ತದೆ! ಕರಾವಳಿಯಿಂದ ಘಾಟಿ ಹತ್ತಿ ಬಂದ ಬಂಗುಡೆ ಸಾರು ರಾತ್ರಿ ಊಟ ಮಾಡಿ ಬೆಳಿಗ್ಗೆ ರಕ್ತ ಕೊಟ್ಟರೆ ಸಂಖ್ಯೆ ಮೇಲಿರಬಹುದು. ಅದೇ ಮೀನನ್ನು ಹೃದಯಕ್ಕೆ ಒಳ್ಳೇದು ಅಂತ ತಿನ್ನಿ ಅನ್ನುತ್ತಾರೆ. ಕಿಡ್ನಿ ಸರಿ ಇಲ್ಲದವರಲ್ಲೂ ಇದು ಏರುತ್ತದೆ. ಯಂತ್ರದ ಅಳತೆ ನಿಖರ, ಆದರೆ ಆ ಸಂಖ್ಯೆ ಹೃದಯದ್ದಾ, ಕಿಡ್ನಿಯದ್ದಾ, ರಾತ್ರಿಯ ಬಂಗುಡೆಯದ್ದಾ ಅಂತ ಯಂತ್ರಕ್ಕೆ ಗೊತ್ತಿಲ್ಲ.

ಹೋಮೋಸಿಸ್ಟೀನ್, ಅಂದರೆ ರಕ್ತದಲ್ಲಿರುವ ಒಂದು ಅಮೈನೋ ಆಮ್ಲ, ನಮ್ಮ ಪ್ಯಾಕೇಜ್‌ಗಳಲ್ಲಿ ಖಾಯಂ. ಇದು ಜಾಸ್ತಿ ಇದ್ದವರಲ್ಲಿ ಹೃದ್ರೋಗ ಜಾಸ್ತಿ ಅನ್ನುವುದು ನಿಜವೇ. ಆದರೆ ಬಿ ವಿಟಮಿನ್ ಮಾತ್ರೆ ಕೊಟ್ಟು ಇದನ್ನು ಇಳಿಸಿದರೆ ಹೃದಯಾಘಾತ ಕಡಿಮೆ ಆಗುತ್ತದಾ ಅಂತ ದೊಡ್ಡ ಪ್ರಯೋಗಗಳು ನಡೆದವು. 2006ರಲ್ಲಿ ಬಂದ ಹೋಪ್-2, ನಾರ್ವಿಟ್ ಎರಡರಲ್ಲೂ ಸಂಖ್ಯೆ ಇಳಿಯಿತು, ಹೃದಯಾಘಾತ ಇಳಿಯಲಿಲ್ಲ. ಮಾಂಸ-ಮೊಟ್ಟೆ ತಿನ್ನದ ಮನೆಗಳಲ್ಲಿ ಹೋಮೋಸಿಸ್ಟೀನ್ ಏರಿದ್ದರೆ ಬಹಳ ಸಲ ಅದು ಬಿ12 ಕೊರತೆಯ ಸುಳಿವು. ಬಿ12 ಸರಿಮಾಡಿಕೊಳ್ಳಲೇಬೇಕು, ನರಗಳಿಗೆ, ರಕ್ತಕ್ಕೆ ಅದು ಬೇಕು. ಅದನ್ನು ಹೃದಯದ ಪರೀಕ್ಷೆ ಅಂತ ಮಾರುವುದರ ಬಗ್ಗೆ ಮಾತ್ರ ನನ್ನ ತಕರಾರು.

ಶಾಲೆ ಜಗಲಿಯಲ್ಲಿ ಕಾಯುವ ಟ್ಯೂಬ್

ಮಲೆನಾಡಿನಲ್ಲಿ ಇನ್ನೊಂದು ಸಮಸ್ಯೆ ಇದೆ, ಯಂತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಹೊಸನಗರ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ತಪಾಸಣಾ ಶಿಬಿರ ಅಂದುಕೊಳ್ಳಿ. ಬೆಳಿಗ್ಗೆ 8ಕ್ಕೆ ರಕ್ತ ತೆಗೆದರು. ಟ್ಯೂಬ್‌ಗಳು ಜಗಲಿಯ ಮೇಜಿನ ಮೇಲೆ ಸ್ಟ್ಯಾಂಡ್‌ನಲ್ಲಿ ನಿಂತಿವೆ. ಇನ್ನೂ ಜನ ಬರುತ್ತಿದ್ದಾರೆ, 12ಕ್ಕೆ ಮುಗಿಸಿ ಹೊರಡೋಣ ಅನ್ನುತ್ತಾರೆ. ಆದರೆ ಟ್ಯೂಬ್‌ನೊಳಗೆ ರಕ್ತಕಣಗಳು ಇನ್ನೂ ಜೀವಂತ. ಅವು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ 5ರಿಂದ 7ರಷ್ಟು. ಸಕ್ಕರೆಗೆ ಬೂದು ಮುಚ್ಚಳದ ಬೇರೆ ಟ್ಯೂಬ್ ಬಳಸುವುದು ಇದೇ ಕಾರಣಕ್ಕೆ. ಹೋಮೋಸಿಸ್ಟೀನ್ ಅನ್ನು ಅವೇ ಹೊರಗೆ ಬಿಡುತ್ತಲೂ ಇರುತ್ತವೆ, ಗಂಟೆಗೆ ಸುಮಾರು ಶೇ 10. ಬೆಳಿಗ್ಗೆ 12 ಇದ್ದದ್ದು ಮಧ್ಯಾಹ್ನದ ಹೊತ್ತಿಗೆ 15ರ ಗಡಿ ದಾಟಿರುತ್ತದೆ. ರಕ್ತವನ್ನು ಬೇಗ ಮಂಜುಗಡ್ಡೆಯಲ್ಲಿಟ್ಟು, ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ (ಕಣಗಳಿಲ್ಲದ ದ್ರವ) ಬೇರೆ ಮಾಡದಿದ್ದರೆ, ಬೆಂಗಳೂರಿನ ಎಂಥಾ ಯಂತ್ರಕ್ಕೆ ಹಾಕಿದರೂ ಬರುವುದು ಜಗಲಿಯಲ್ಲಿ ಏರಿದ ಸಂಖ್ಯೆಯೇ. ಅದನ್ನೇ ದಶಾಂಶ ಚಿಹ್ನೆ ಸಮೇತ ಕೊಡುತ್ತದೆ ಅಷ್ಟೆ.

ಅಪೋಬಿ, ಎಲ್‌ಪಿ ಲಿಟಲ್ ಎ ಈ ವಿಷಯದಲ್ಲಿ ಗಟ್ಟಿ. ಕೆಲವು ಗಂಟೆ ತಡವಾದರೂ ಅಷ್ಟಾಗಿ ಬದಲಾಗುವುದಿಲ್ಲ. ಪಟ್ಟಿಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಎರಡೇ ದೂರದ ಪ್ರಯಾಣವನ್ನೂ ತಾಳಿಕೊಳ್ಳುತ್ತವೆ ಅನ್ನುವುದು ನಮ್ಮ ಅದೃಷ್ಟ.

ಯಾರು ಏನನ್ನುತ್ತಾರೆ

ಒಂದು ಕಡೆ, ಎಲ್ಲರಿಗೂ ಜೀವನದಲ್ಲಿ ಒಂದು ಸಲ ಎಲ್‌ಪಿ ಲಿಟಲ್ ಎ ಅಳೆಯಿರಿ ಅನ್ನುವವರು. ಯುರೋಪಿನ ಹೃದ್ರೋಗ ತಜ್ಞರು 2019ರಲ್ಲಿ ಹೀಗಂದರು, 2024ರಲ್ಲಿ ಸಿಎಸ್‌ಐ ಕೂಡ. ಅವರ ವಾದ ಸರಳ: ವಂಶದಿಂದ ಬರುತ್ತದೆ, ಬದಲಾಗುವುದಿಲ್ಲ, ಒಂದು ಸಲ ನೋಡಿದರೆ ಸಾಕು, ನೋಡದಿದ್ದರೆ ಗೊತ್ತೇ ಆಗುವುದಿಲ್ಲ. ಅಮೆರಿಕದ 2018ರ ಮಾರ್ಗಸೂಚಿ ಅಷ್ಟು ದೂರ ಹೋಗಲಿಲ್ಲ, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದ್ರೋಗ ಬಂದಿದ್ದರೆ ನೋಡಿ ಅಂದಿತು.

ಇನ್ನೊಂದು ಕಡೆ ಸಾರ್ವಜನಿಕ ಆರೋಗ್ಯದವರು. ಅವರು 2004ರ ಇಂಟರ್‌ಹಾರ್ಟ್ ಅಧ್ಯಯನ ಎತ್ತಿ ತೋರಿಸುತ್ತಾರೆ. ಭಾರತವೂ ಸೇರಿ 52 ದೇಶಗಳಲ್ಲಿ ನಡೆದ ಅದರ ಪ್ರಕಾರ ಮೊದಲ ಹೃದಯಾಘಾತದ ಅಪಾಯದ ಶೇ 90ರಷ್ಟನ್ನು ಒಂಬತ್ತು ಅಂಶಗಳೇ ವಿವರಿಸುತ್ತವೆ: ತಂಬಾಕು, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆ ಬೊಜ್ಜು, ಮನಸ್ಸಿನ ಒತ್ತಡ ಹೀಗೆ. ದಕ್ಷಿಣ ಏಷ್ಯಾದವರಿಗೆ ಬೇರೆಯವರಿಗಿಂತ ಬೇಗ ಹೃದಯಾಘಾತ ಆಗುವುದಕ್ಕೂ ಹೆಚ್ಚಿನ ಪಾಲು ಇವೇ ಕಾರಣ. ಬಿಪಿ ಮಾತ್ರೆಯನ್ನೇ ಅರ್ಧಕ್ಕೆ ಬಿಟ್ಟವರಿಗೆ ಸೆರಮೈಡ್ ಯಾಕೆ ಅಂತ ಅವರು ಕೇಳುತ್ತಾರೆ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಸೇರಿಸುವವರು ಇಷ್ಟೊಂದು ಇರುವ ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಆದರೆ ಅದೇ ಇಂಟರ್‌ಹಾರ್ಟ್‌ನಲ್ಲಿ, ಎಲ್ಲ ಅಂಶಗಳ ಪೈಕಿ ಅತಿ ಬಲವಾಗಿ ಕಂಡದ್ದು ಅಪೋಬಿ ಮತ್ತು ಅಪೋಎ-1 ಎಂಬ ಪ್ರೋಟೀನ್‌ಗಳ ಅನುಪಾತ (ಅಪೋಎ-1 ಎಚ್‌ಡಿಎಲ್ ಕಣದ ಪ್ರೋಟೀನ್, ಬಾಲದ ಅಪೋ-ಎ ಬೇರೆ). ಅಂದರೆ ಹಳೇ ಕಾರಣಗಳ ಪರ ವಾದಿಸುವವರ ಪುರಾವೆಯೊಳಗೇ ಅಪೋಬಿ ಕೂತಿದೆ. ಹಾಗಾಗಿ ಜಗಳ ಕಾಣುವಷ್ಟು ದೊಡ್ಡದಲ್ಲ. ಬಿಪಿ, ಶುಗರ್, ತಂಬಾಕು ಮೊದಲು. ಆಮೇಲೆ ನಾನ್-ಎಚ್‌ಡಿಎಲ್ ಅಥವಾ ಅಪೋಬಿ. ಒಮ್ಮೆ ಎಲ್‌ಪಿ ಲಿಟಲ್ ಎ. ಉಳಿದವಕ್ಕೆ ಸದ್ಯ ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ.

ಮುಂದೆ ಏನಾಗಬಹುದು

ಎಲ್‌ಪಿ ಲಿಟಲ್ ಎ ಇಳಿಸಲೆಂದೇ ತಯಾರಾದ ಪೆಲಾಕಾರ್ಸೆನ್, ಓಲ್ಪಾಸಿರಾನ್ ಮುಂತಾದ ಚುಚ್ಚುಮದ್ದುಗಳು ದೊಡ್ಡ ಪ್ರಯೋಗಗಳಿಗೆ ಇಳಿದಿವೆ. 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಓಲ್ಪಾಸಿರಾನ್ ದೊಡ್ಡ ಡೋಸ್‌ನಲ್ಲಿ ಸಂಖ್ಯೆಯನ್ನು ಶೇ 95ಕ್ಕೂ ಹೆಚ್ಚು ಇಳಿಸಿತು. ಆದರೆ ಹೋಮೋಸಿಸ್ಟೀನ್ ಪಾಠ ನೆನಪಿರಲಿ. ಸಂಖ್ಯೆ ಇಳಿದ ಮಾತ್ರಕ್ಕೆ ಹೃದಯಾಘಾತ ಇಳಿಯುತ್ತದೆ ಅಂತ ಮೊದಲೇ ಹೇಳಲಾಗದು, ದೊಡ್ಡ ಪ್ರಯೋಗ ನಡೆಸುವುದೇ ಅದನ್ನು ತಿಳಿಯಲು. ಇಂಥ ಔಷಧಿ ಬಳಕೆಗೆ ಬಂದರೆ ಯಾರಿಗೆ ಕೊಡಬೇಕು ಅನ್ನುವ ಗೆರೆ ಎಳೆಯಬೇಕು. 120 ನ್ಯಾನೋಮೋಲ್ ಬಂದವರಿಗೆ ಇಲ್ಲ, 130 ಬಂದವರಿಗೆ ಇದೆ ಅನ್ನುವಾಗ, ಮರದ ಬದಲು ಅಡಿಕೆ ಕೊನೆ ಎಣಿಸುವಂಥ ಪರೀಕ್ಷೆ ನಡೆಯುವುದಿಲ್ಲ. ಆಗ ಮಾಸ್ ಸ್ಪೆಕ್ಟ್ರೋಮೀಟರ್ ಮುದ್ರೆ ಪಡೆದ ಪರೀಕ್ಷೆಗೆ ನಿಜವಾದ ಬೆಲೆ.

ಅಲ್ಲಿಯವರೆಗೆ ಜಾಸ್ತಿ ಬಂದವರು ಮಾಡಬೇಕಾದ್ದು ಇಷ್ಟು: ಕೈಯಲ್ಲಿರುವ ಉಳಿದ ಅಪಾಯಗಳನ್ನು ಬೇರೆಯವರಿಗಿಂತ ಬಿಗಿಯಾಗಿ ಹಿಡಿಯುವುದು, ಎಲ್‌ಡಿಎಲ್ ಅನ್ನು ಇನ್ನೂ ಕೆಳಗೆ ತರುವುದು. ಮನೆಯ ಒಬ್ಬರಲ್ಲಿ ಜಾಸ್ತಿ ಬಂದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳೂ ಒಮ್ಮೆ ನೋಡಿಸುವುದು ಒಳ್ಳೇದು.

ಪ್ರತಿ ಜಿಲ್ಲೆಗೂ ಇಂಥ ಯಂತ್ರ ಬೇಕು ಅನ್ನುವ ಮಾತೂ ಮುಂದೆ ಬರಬಹುದು. ಮಲೆನಾಡಿನವರಿಗೆ ಮಾದರಿ ದೂರ ಕಳಿಸಿ ಕಾಯುವ ಕಷ್ಟ ಗೊತ್ತು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ಪರೀಕ್ಷೆ ಹತ್ತಿರದಲ್ಲೇ ಆಗಬೇಕು, ಜ್ವರ ಕಾಯುವುದಿಲ್ಲ. ಆದರೆ ಬದಲಾಗದ, ಜೀವನದಲ್ಲಿ ಒಮ್ಮೆ ನೋಡುವ ಸಂಖ್ಯೆ ಒಂದು ವಾರ ತಡವಾಗಿ ಬಂದರೆ ಏನೂ ಮುಳುಗುವುದಿಲ್ಲ. ಅದು ಬೆಂಗಳೂರಿಗೇ ಹೋಗಿ ಬರಲಿ. ಹತ್ತಿರ ಇರಬೇಕಾದ್ದು ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ಹೇಳುವ ಟ್ರೋಪೋನಿನ್ ರಕ್ತಪರೀಕ್ಷೆ. ಈ ಲೇಖನದಲ್ಲಿ ಬಂದ ಯಾವ ಪರೀಕ್ಷೆಯೂ ಈಗ ಬಂದಿರುವ ಎದೆನೋವು ಹೃದಯಾಘಾತವಾ ಅಂತ ಹೇಳುವುದಿಲ್ಲ. ಮುಂದಿನ ವರ್ಷಗಳ ಸಾಧ್ಯತೆಯನ್ನು ಮಾತ್ರ ಹೇಳುತ್ತವೆ. 'ಹೋದ ತಿಂಗಳು ಎಲ್ಲಾ ನಾರ್ಮಲ್ ಬಂದಿತ್ತು, ಇದು ಗ್ಯಾಸ್ಟ್ರಿಕ್ ಇರಬೇಕು' ಅಂತ ಆ ಕಾಗದ ನಂಬಿ ಮನೆಯಲ್ಲೇ ಕೂತರೆ ಅಪಾಯ. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದು ಅಂಥ ಹೊತ್ತಿಗಾಗಿಯೇ.

ಎಲ್‌ಪಿ ಲಿಟಲ್ ಎ ಮಾಡಿಸುವುದೇ ಆದರೆ ತೋಳು ಚಾಚುವ ಮುಂಚೆ ಲ್ಯಾಬ್‌ನವರನ್ನು ಎರಡು ಮಾತು ಕೇಳಿ. ರಿಪೋರ್ಟ್ ನ್ಯಾನೋಮೋಲ್‌ನಲ್ಲಿ ಕೊಡುತ್ತೀರಾ? ನಿಮ್ಮ ಪರೀಕ್ಷೆ ಬಾಲದ ಉದ್ದಕ್ಕೆ ಏಮಾರುವಂಥದ್ದಾ? ಎರಡನೆಯದಕ್ಕೆ ಕೌಂಟರ್‌ನಲ್ಲಿ ಉತ್ತರ ಸಿಗದಿದ್ದರೆ ಒಳಗಿರುವ ಟೆಕ್ನೀಷಿಯನ್‌ಗೆ ಕೇಳಿ ಬರಲಿ, ಕಿಟ್‌ನ ಜೊತೆ ಬರುವ ಕಾಗದದಲ್ಲಿ ಅದನ್ನು ಬರೆದಿರುತ್ತಾರೆ. ಆ ರಿಪೋರ್ಟ್ ಬಂದ ಮೇಲೆ ಎಸೆಯಬೇಡಿ. ಪುನಃ ಮಾಡಿಸುವ ಪರೀಕ್ಷೆ ಅಲ್ಲ ಅದು. ಪಹಣಿ, ಪಾಸ್‌ಬುಕ್ ಇಡುವ ಕಡೆಯಲ್ಲೇ ಇಡಿ, ಮುಂದೆ ಮಕ್ಕಳ ಡಾಕ್ಟರ್ ಕೂಡ ಅದನ್ನು ಕೇಳಬಹುದು.